ಕಡಲಾಚೆಯ ಆಸ್ತಿ, ಬಯಲುಸೀಮೆಯ ವಾರಸುದಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಹೊರದೇಶದ ಆಸ್ತಿಯ ವಾರಸುದಾರಿಕೆಗೆ ಸಂಬಂಧಿಸಿದವನ್ನಷ್ಟೇ ಆರಿಸಿಕೊಂಡಿದ್ದೇವೆ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರ ಮಾರ್ಚ್‌ನಲ್ಲೇ ರದ್ದಾಯಿತು. ಅದರ ಮೇಲ್ಮಟ್ಟದ ದರ ಶೇ 85ರಷ್ಟಿತ್ತು ಎಂದರೆ ಇಂದಿನವರು ನಂಬುವುದಿಲ್ಲ. ಸಾವಿನ ಮೇಲೆ ತೆರಿಗೆ ಎಂಬುದನ್ನೇ ಒಂದು ತಲೆಮಾರು ಮರೆತಿರುವುದರಿಂದ, ‘ವಾರಸುದಾರ ಇಲ್ಲಿದ್ದಾನೆ, ಇಲ್ಲಿ ತೆರಿಗೆ ಇಲ್ಲ, ಆದ್ದರಿಂದ ತೆರಿಗೆಯೇ ಇಲ್ಲ’ ಎಂಬ ಊಹೆ ಬಹುತೇಕ ಪತ್ರಗಳಲ್ಲಿದೆ. ಮನೆ, ಜಮೀನಿನ ವಿಷಯದಲ್ಲಿ ಮೊದಲ ಹಕ್ಕು ಆಸ್ತಿ ನಿಂತಿರುವ ನೆಲದ ಸರ್ಕಾರದ್ದು. ವಾರಸುದಾರ ಎಲ್ಲಿದ್ದಾನೆ ಎಂಬುದು ಆಮೇಲಿನ ಮಾತು.

ಪ್ರಶ್ನೆ (ಸಿಂಧನೂರು): ನಮ್ಮ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದ. ಅಲ್ಲೇ ಒಂದು ಮನೆ ಕೊಂಡಿದ್ದ. ಮದುವೆ ಆಗಿರಲಿಲ್ಲ, ಮೃತ್ಯುಪತ್ರವೂ ಇಲ್ಲ. ತೀರಿಕೊಂಡು ಮೂರು ತಿಂಗಳಾಯಿತು. ಮನೆ ಯಾರಿಗೆ ಸೇರುತ್ತದೆ? ತೆರಿಗೆ ಎಷ್ಟು? ಇಲ್ಲಿಂದಲೇ ಮಾರಬಹುದೇ?

ಉತ್ತರ: ಗಡುವಿನಿಂದ ಶುರುಮಾಡೋಣ. ಅಮೆರಿಕದ ಎಸ್ಟೇಟ್ ತೆರಿಗೆಯ ರಿಟರ್ನ್ ಸಲ್ಲಿಸಲು ಸಾವಿನ ದಿನದಿಂದ ಒಂಬತ್ತು ತಿಂಗಳು ಅವಕಾಶ. ನಿಮಗೆ ಉಳಿದದ್ದು ಆರು. ಫಾರ್ಮ್ 4768 ಹಾಕಿದರೆ ರಿಟರ್ನ್ ಸಲ್ಲಿಸಲು ಇನ್ನೂ ಆರು ತಿಂಗಳು ಸಿಗುತ್ತದೆ. ಆದರೆ ಅದು ಕಾಗದಕ್ಕೆ ಸಿಗುವ ವಾಯಿದೆ. ತೆರಿಗೆ ಬಾಕಿಯಿದ್ದರೆ ಅದರ ಮೇಲಿನ ಬಡ್ಡಿ ಒಂಬತ್ತನೇ ತಿಂಗಳು ಮುಗಿದ ಕೂಡಲೇ ಓಡಲು ಶುರು.

ಮನೆ ಯಾರದು ಎಂಬುದನ್ನು ಟೆಕ್ಸಾಸ್ ಕಾನೂನು ಹೇಳುತ್ತದೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಅಲ್ಲ. ಹೆಂಡತಿ ಮಕ್ಕಳಿಲ್ಲದೆ, ಮೃತ್ಯುಪತ್ರವಿಲ್ಲದೆ ತೀರಿಕೊಂಡವರ ಆಸ್ತಿ ಅಲ್ಲಿ ತಂದೆಗೂ ತಾಯಿಗೂ ಸರಿಸಮವಾಗಿ ಹೋಗುತ್ತದೆ. ಅದೇ ಮಗನ ಹೆಸರಿನಲ್ಲಿ ಸಿಂಧನೂರಿನಲ್ಲಿ ಒಂದು ಸೈಟ್ ಇದ್ದರೆ ಅದು ಪೂರ್ತಿಯಾಗಿ ತಾಯಿಗೆ ಸೇರುತ್ತದೆ. ಏಕೆಂದರೆ ನಮ್ಮ ಕಾಯ್ದೆಯಲ್ಲಿ ತಾಯಿ ಮೊದಲ ವರ್ಗದ ವಾರಸುದಾರಳು, ತಂದೆ ಎರಡನೇ ವರ್ಗ. ಒಬ್ಬನೇ ಮಗ, ಎರಡು ಆಸ್ತಿ, ಎರಡು ಬಗೆಯ ಪಾಲು. ಹಾಗಾಗಿ ಎಲ್ಲ ಕಡೆಗೂ ಒಂದೇ ಅಫಿಡವಿಟ್ ಬರೆಸಲು ಹೋಗಬೇಡಿ.

ಇನ್ನು ತೆರಿಗೆ. ಇಲ್ಲಿ ಇಡೀ ಲೆಕ್ಕ ನಿಂತಿರುವುದು ಮಗನ ‘ಡೊಮಿಸೈಲ್’, ಅಂದರೆ ಕಾನೂನಿನ ಕಣ್ಣಿಗೆ ಕಾಯಂ ನೆಲೆ, ಯಾವುದು ಎಂಬುದರ ಮೇಲೆ. ವೀಸಾದ ಹೆಸರು ನೋಡಿ ಇದು ನಿರ್ಧಾರವಾಗುವುದಿಲ್ಲ. ವರಮಾನ ತೆರಿಗೆಗೆ ಅವನು ಅಲ್ಲಿನ ನಿವಾಸಿ ಎಂದು ಎಣಿಕೆಯಾಗಿದ್ದರೂ ಎಸ್ಟೇಟ್ ತೆರಿಗೆಗೆ ಅಷ್ಟು ಸಾಲದು. ಅಲ್ಲೇ ಕಾಯಂ ನೆಲೆಸುವ ಉದ್ದೇಶ ಇತ್ತೇ ಎಂದು ಕೇಳುತ್ತಾರೆ. ಗ್ರೀನ್ ಕಾರ್ಡ್ ಅರ್ಜಿ, ಮನೆ ಕೊಂಡದ್ದು, ನಿವೃತ್ತಿ ಖಾತೆ, ಚಾಲನಾ ಪರವಾನಗಿ ಇವೆಲ್ಲ ‘ಇತ್ತು’ ಎನ್ನುವ ಕಡೆಯ ಸಾಕ್ಷ್ಯ. ಊರಿನಲ್ಲಿ ಮನೆ ಕಟ್ಟಿಸುತ್ತಿದ್ದುದು, ಮರಳಿ ಬರುವೆನೆಂದು ಬರೆದ ಪತ್ರ, ಮಿಂಚಂಚೆಗಳು ‘ಇರಲಿಲ್ಲ’ ಎನ್ನುವ ಕಡೆಯವು.

ಡೊಮಿಸೈಲ್ ಅಮೆರಿಕದ್ದು ಎಂದಾದರೆ ವಿನಾಯಿತಿ ದೊಡ್ಡದು: 2025ರಲ್ಲಿ ತೀರಿಕೊಂಡವರಿಗೆ 1.399 ಕೋಟಿ ಡಾಲರ್, 2026ರಿಂದ 1.5 ಕೋಟಿ ಡಾಲರ್. ಸಾಮಾನ್ಯ ನೌಕರನ ಮನೆಗೆ ತೆರಿಗೆಯ ಮಾತೇ ಇಲ್ಲ. ಭಾರತದ್ದು ಎಂದಾದರೆ ಅಮೆರಿಕದಲ್ಲಿರುವ ಆಸ್ತಿಗೆ ಸಿಗುವ ವಿನಾಯಿತಿ ಬರೀ 60,000 ಡಾಲರ್. ಅದರ ಮೇಲಿನದಕ್ಕೆ ಶೇ 26ರಿಂದ ಹಿಡಿದು ಶೇ 40ರವರೆಗೆ ಏರುವ ದರ. ಸಾಲವಿಲ್ಲದ 3 ಲಕ್ಷ ಡಾಲರ್ ಮನೆಯ ಲೆಕ್ಕ ಹೀಗೆ: ಪಟ್ಟಿಯ ಪ್ರಕಾರ ತೆರಿಗೆ 87,800 ಡಾಲರ್. ಅದರಲ್ಲಿ ಆ 60,000ದ ವಿನಾಯಿತಿಗೆ ಸಮನಾದ 13,000 ಡಾಲರ್ ಕ್ರೆಡಿಟ್ ಕಳೆದರೆ ಕಟ್ಟಬೇಕಾದದ್ದು 74,800 ಡಾಲರ್. ಇದಕ್ಕೆ ಫಾರ್ಮ್ 706-ಎನ್‌ಎ. ಭಾರತ ಮತ್ತು ಅಮೆರಿಕದ ನಡುವೆ ವರಮಾನ ತೆರಿಗೆ ಒಪ್ಪಂದವಿದೆ, ಎಸ್ಟೇಟ್ ತೆರಿಗೆ ಒಪ್ಪಂದವಿಲ್ಲ. ಆದ್ದರಿಂದ ಈ 60,000ವನ್ನು ಹಿಗ್ಗಿಸುವ ದಾರಿ ಯಾವುದೂ ಇಲ್ಲ.

ಗೃಹಸಾಲ ಇದ್ದರೆ ಸಾಲಪತ್ರವನ್ನು ವಕೀಲರಿಗೆ ತೋರಿಸಲೇಬೇಕು. ಬ್ಯಾಂಕು ಮನೆಯ ಮೇಲೆ ಮಾತ್ರ ಕೈಹಾಕಬಹುದಾದ ಸಾಲವಾದರೆ, ಸಾಲ ಕಳೆದು ಉಳಿದ ಮೌಲ್ಯವನ್ನಷ್ಟೇ ತೋರಿಸಿದರಾಯಿತು. ಸಾಲಗಾರನ ಬೇರೆ ಆಸ್ತಿಯಿಂದಲೂ ವಸೂಲು ಮಾಡಬಹುದಾದ ಸಾಲವಾದರೆ ಮನೆಯ ಪೂರ್ಣ ಬೆಲೆ ತೋರಿಸಬೇಕು. ಆಗ ಇಡೀ ಜಗತ್ತಿನ ಆಸ್ತಿಯಲ್ಲಿ ಅಮೆರಿಕದ ಪಾಲು ಎಷ್ಟೋ ಅಷ್ಟೇ ಪ್ರಮಾಣದ ಸಾಲವನ್ನು ಕಳೆಯಲು ಬಿಡುತ್ತಾರೆ. ಅದಕ್ಕಾಗಿ ಊರಿನ ಸೈಟು, ಠೇವಣಿ ಎಲ್ಲದರ ಮೌಲ್ಯವನ್ನೂ ಅವರಿಗೆ ಹೇಳಬೇಕಾಗುತ್ತದೆ.

ಮಾರಾಟಕ್ಕೆ ಹಕ್ಕಿನ ದಾಖಲೆ ಬೇಕು. ಮಗನ ಕುಟುಂಬವನ್ನು ಬಲ್ಲ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರ ಹೇಳಿಕೆಯಿರುವ ‘ಅಫಿಡವಿಟ್ ಆಫ್ ಹೇರ್‌ಶಿಪ್’ ಅನ್ನು ಕೌಂಟಿಯ (ಅಲ್ಲಿನ ಜಿಲ್ಲೆಯ) ದಾಖಲೆಗೆ ಸೇರಿಸುವುದು ಸುಲಭದ ದಾರಿ. ಮಾರಾಟಕ್ಕೆ ಮೊದಲು ಹಕ್ಕನ್ನು ಪರಿಶೀಲಿಸುವ ಟೈಟಲ್ ಕಂಪನಿ ಅದನ್ನು ಒಪ್ಪದಿದ್ದರೆ ಕೌಂಟಿ ನ್ಯಾಯಾಲಯದಿಂದ ವಾರಸುದಾರರ ಘೋಷಣೆ ಪಡೆಯಬೇಕು. ನೀವಿಬ್ಬರೂ ಫಾರ್ಮ್ ಡಬ್ಲ್ಯು-7 ಹಾಕಿ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಪಡೆಯಬೇಕು. ಇದನ್ನು ಕೊನೆಗೆ ಇಟ್ಟುಕೊಂಡವರ ಮಾರಾಟವೇ ಹೆಚ್ಚಾಗಿ ನಿಲ್ಲುವುದು. ಅಷ್ಟರಲ್ಲಿ ಗೃಹಸಾಲದ ಕಂತು, ವಿಮೆ ಮತ್ತು ಟೆಕ್ಸಾಸ್‌ನ ಆಸ್ತಿ ತೆರಿಗೆ (ಪ್ರತಿವರ್ಷ ಜನವರಿ 31ರೊಳಗೆ) ನಿಲ್ಲಬಾರದು. ಮನೆ ಖಾಲಿ ಬಿದ್ದಿದೆ ಎಂದು ವಿಮಾ ಕಂಪನಿಗೆ ತಿಳಿಸಿ. ಸಾಮಾನ್ಯ ಪಾಲಿಸಿಗಳು 30 ಅಥವಾ 60 ದಿನ ಖಾಲಿಯಿದ್ದ ಮನೆಗೆ ಹಲವು ಬಗೆಯ ರಕ್ಷಣೆಯನ್ನು ಕೈಬಿಡುತ್ತವೆ. ನೀರಿನ ಪೈಪು ಒಡೆದ ಮೇಲೆ ಇದು ಗೊತ್ತಾದರೆ ಪ್ರಯೋಜನವಿಲ್ಲ.

ನೀವು ವಿದೇಶಿ ಮಾರಾಟಗಾರರಾದ್ದರಿಂದ ಕೊಳ್ಳುವವರು ಬೆಲೆಯ ಶೇ 15 ಹಿಡಿದು ಅಲ್ಲಿನ ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ಬೆಲೆ 3 ಲಕ್ಷ ಡಾಲರ್ ಮೀರದೆ, ಕೊಳ್ಳುವವರು ತಾವೇ ವಾಸಿಸುವುದಾದರೆ ಈ ಹಿಡಿತ ಬೇಕಿಲ್ಲ. ಇಲ್ಲವಾದರೆ ನೋಂದಣಿಗೆ ಮೊದಲೇ ಫಾರ್ಮ್ 8288-ಬಿ ಹಾಕಿ ಹಿಡಿಯುವ ಮೊತ್ತ ತಗ್ಗಿಸಿಕೊಳ್ಳಬಹುದು. ಅದನ್ನೂ ಮಾಡದಿದ್ದರೆ ಮರುವರ್ಷ 1040-ಎನ್‌ಆರ್ ರಿಟರ್ನ್ ಸಲ್ಲಿಸಿ ಮರುಪಾವತಿಗೆ ಕಾಯಬೇಕು.

ಈಗ ಭಾರತದ ಕಡೆ. ಹೊರದೇಶದಲ್ಲಿ ನೆಲೆಸಿದ್ದವರಿಂದ ಬಂದ ಆಸ್ತಿಯನ್ನು ಇಟ್ಟುಕೊಳ್ಳಲು, ಮಾರಲು ವಿದೇಶಿ ವಿನಿಮಯದ ಫೆಮಾ ಕಾಯ್ದೆ ಅನುಮತಿಸುತ್ತದೆ. ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಡ. ವಾರಸುದಾರಿಕೆಯಿಂದ ಬಂತೆಂಬ ಕಾರಣಕ್ಕೆ ಇಲ್ಲಿ ತೆರಿಗೆಯೂ ಇಲ್ಲ. ಪೆಟ್ಟು ಬೀಳುವುದು ಮಾರುವಾಗ. ಅಮೆರಿಕದಲ್ಲಿ ವಾರಸುದಾರನ ಖರೀದಿ ಬೆಲೆ ಎಂದರೆ ಸಾವಿನ ದಿನದ ಮಾರುಕಟ್ಟೆ ಬೆಲೆ. ಭಾರತದಲ್ಲಿ ಮಾತ್ರ ಮಗ ಕೊಟ್ಟ ಮೂಲ ಬೆಲೆಯೇ ನಿಮ್ಮ ಬೆಲೆ. ಮಗ 2 ಲಕ್ಷ ಡಾಲರ್‌ಗೆ ಕೊಂಡ ಮನೆ ಸಾವಿನ ದಿನ 3 ಲಕ್ಷ ಬಾಳುತ್ತಿತ್ತು, ನೀವು 3.05 ಲಕ್ಷಕ್ಕೆ ಮಾರಿದಿರಿ ಎನ್ನಿ. ಅಮೆರಿಕಕ್ಕೆ ನಿಮ್ಮ ಲಾಭ 5,000 ಡಾಲರ್, ಭಾರತಕ್ಕೆ 1.05 ಲಕ್ಷ ಡಾಲರ್. ಮಗನೂ ನೀವೂ ಸೇರಿ 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದರೆ ದೀರ್ಘಾವಧಿ ಲಾಭಕ್ಕೆ ಇಲ್ಲಿ ಶೇ 12.5 ಮತ್ತು ಅದರ ಮೇಲೆ ಸೆಸ್. ಅಲ್ಲಿ ಕಟ್ಟಿದ ಎಸ್ಟೇಟ್ ತೆರಿಗೆಯನ್ನು ಇಲ್ಲಿ ಕಳೆಯಲು ಬರುವುದಿಲ್ಲ, ಏಕೆಂದರೆ ಅದು ವರಮಾನದ ಮೇಲಿನ ತೆರಿಗೆಯಲ್ಲ. ಅಲ್ಲಿನ ವರಮಾನ ತೆರಿಗೆಗೆ ಮಾತ್ರ ಕ್ರೆಡಿಟ್ ಉಂಟು. ಈವರೆಗೆ ಫಾರ್ಮ್ 67 ಎಂದು ಕರೆಯುತ್ತಿದ್ದ ನಮೂನೆಯನ್ನು ಅದಕ್ಕೆ ಸಲ್ಲಿಸಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯೊಂದಿಗೆ ಸೆಕ್ಷನ್, ನಮೂನೆಗಳ ಸಂಖ್ಯೆ ಬದಲಾಗಿರುವುದರಿಂದ ನಿಮ್ಮ ಆಡಿಟರ್ ಹೇಳುವ ಸಂಖ್ಯೆ ಬೇರೆಯಿದ್ದರೆ ಗಾಬರಿ ಬೇಡ.

ಮನೆ ನಿಮ್ಮ ಹೆಸರಿನಲ್ಲಿರುವಷ್ಟು ಕಾಲ ನಿಮ್ಮ ಐಟಿ ರಿಟರ್ನ್‌ನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ, ಅಂದರೆ ಶೆಡ್ಯೂಲ್ ಎಫ್‌ಎಯಲ್ಲಿ, ಇಬ್ಬರೂ ತೋರಿಸಬೇಕು. ‘ನಮಗೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲ’ ಎಂಬುದು ನೆಪವಾಗುವುದಿಲ್ಲ. ವಿದೇಶಿ ಆಸ್ತಿ ಇದ್ದರೆ ರಿಟರ್ನ್ ಕಡ್ಡಾಯ. 2015ರ ಕಪ್ಪುಹಣ ಕಾಯ್ದೆಯಡಿ ಮುಚ್ಚಿಟ್ಟರೆ ದಂಡ 10 ಲಕ್ಷ ರೂಪಾಯಿ. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ಸಣ್ಣ ಆಸ್ತಿಗಳಿಗೆ ಈ ದಂಡದಿಂದ ಬಿಡುಗಡೆ ಸಿಕ್ಕಿದೆ, ಆದರೆ ಸ್ಥಿರಾಸ್ತಿಗೆ ಆ ಬಿಡುಗಡೆ ಇಲ್ಲ.

ಪ್ರಶ್ನೆ (ಬಳ್ಳಾರಿ): ಮೊಬೈಲ್ ಆ್ಯಪ್ ಮೂಲಕ ಅಮೆರಿಕದ ಕಂಪನಿಗಳ ಷೇರು ಕೊಳ್ಳುತ್ತಾ ಬಂದಿದ್ದೇನೆ, ಸುಮಾರು ಒಂದು ಲಕ್ಷ ಡಾಲರ್ ಆಗಿದೆ. ಪತ್ನಿಯನ್ನು ನಾಮಿನಿ ಮಾಡಿದರೆ ಸಾಕಲ್ಲವೇ? ನಾನು ಅಮೆರಿಕಕ್ಕೆ ಕಾಲಿಟ್ಟವನೇ ಅಲ್ಲ.

ಉತ್ತರ: ಕಾಲಿಡಬೇಕಿಲ್ಲ. ಅಮೆರಿಕದಲ್ಲಿ ಸ್ಥಾಪನೆಯಾದ ಕಂಪನಿಯ ಷೇರು ಯಾರ ಕೈಯಲ್ಲಿದ್ದರೂ, ಯಾವ ದೇಶದ ಆ್ಯಪ್‌ನಲ್ಲಿದ್ದರೂ ಅಮೆರಿಕದ ಆಸ್ತಿಯೇ. ನಿಮ್ಮ ಒಂದು ಲಕ್ಷ ಡಾಲರ್‌ಗೆ ನೀವು ತೀರಿಕೊಂಡಾಗ ಬೀಳುವ ಎಸ್ಟೇಟ್ ತೆರಿಗೆ 10,800 ಡಾಲರ್. ಸಾಮಾನ್ಯವಾಗಿ ಗಂಡನಿಂದ ಹೆಂಡತಿಗೆ ಹೋಗುವ ಆಸ್ತಿಗೆ ಅಲ್ಲಿ ಪೂರ್ಣ ವಿನಾಯಿತಿ ಉಂಟು. ಹೆಂಡತಿ ಅಮೆರಿಕದ ಪ್ರಜೆಯಲ್ಲದಿದ್ದರೆ ವಿಶೇಷ ಟ್ರಸ್ಟ್ ಮಾಡದ ಹೊರತು ಅದು ಸಿಗುವುದಿಲ್ಲ. ಜಂಟಿ ಖಾತೆಯೂ ಕಾಪಾಡದು: ಹಣ ಹೆಂಡತಿಯದ್ದು ಎಂದು ಸಾಬೀತಾಗದಿದ್ದರೆ ಪೂರ್ಣ ಮೊತ್ತವನ್ನೂ ನಿಮ್ಮದೆಂದೇ ಎಣಿಸುತ್ತಾರೆ. ಬ್ರೋಕರ್ ಕಂಪನಿ ಮೊತ್ತ ಬಿಡುಗಡೆ ಮಾಡುವ ಮೊದಲು ಅಲ್ಲಿನ ತೆರಿಗೆ ಇಲಾಖೆಯ ‘ಟ್ರಾನ್ಸ್‌ಫರ್ ಸರ್ಟಿಫಿಕೇಟ್’ ಕೇಳುತ್ತದೆ. ಅದು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಷೇರಿನ ಬೆಲೆ ಅಷ್ಟರಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು.

ಭಾರತದ ಮ್ಯೂಚುವಲ್ ಫಂಡ್ ಅಮೆರಿಕದ ಷೇರಿನಲ್ಲಿ ಹಣ ಹೂಡಿದ್ದರೆ ಈ ತೆರಿಗೆ ತಗಲುವುದಿಲ್ಲ, ಏಕೆಂದರೆ ನಿಮ್ಮ ಕೈಯಲ್ಲಿರುವುದು ಭಾರತದ ಫಂಡಿನ ಯೂನಿಟ್. ಐರ್ಲೆಂಡ್‌ನಲ್ಲಿ ನೋಂದಾಯಿತ, ಷೇರುಪೇಟೆಯಲ್ಲಿ ವಹಿವಾಟಾಗುವ ಫಂಡುಗಳಾದ ಇಟಿಎಫ್‌ಗಳೂ ಇದೇ ಕಾರಣಕ್ಕೆ ಹೊರಗುಳಿಯುತ್ತವೆ. ಇನ್ಫೊಸಿಸ್‌ನಂಥ ಭಾರತೀಯ ಕಂಪನಿಯ ಎಡಿಆರ್ (ಅದರ ಷೇರಿನ ಬದಲು ಅಮೆರಿಕದಲ್ಲಿ ವಹಿವಾಟಾಗುವ ರಸೀದಿ) ನ್ಯೂಯಾರ್ಕ್‌ನಲ್ಲಿ ಮಾರಾಟವಾದರೂ ಅಮೆರಿಕದ ಕಂಪನಿಯ ಷೇರಲ್ಲ. ಅಲ್ಲಿನ ಬ್ಯಾಂಕಿನ ಸಾದಾ ಠೇವಣಿಗೆ ತೆರಿಗೆ ಇಲ್ಲ, ಆದರೆ ಬ್ರೋಕರ್ ಖಾತೆಯಲ್ಲಿ ಸುಮ್ಮನೆ ಬಿದ್ದಿರುವ ನಗದಿಗೆ ಆ ರಕ್ಷಣೆ ಉಂಟೆಂದು ನಂಬಿ ಕೂರಬೇಡಿ.

ಇನ್ನೊಂದು ದಾರಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಅಮೆರಿಕದ ಪ್ರಜೆಯೂ ಅಲ್ಲದ, ಅಲ್ಲಿ ನೆಲೆಸಿಯೂ ಇಲ್ಲದ ವ್ಯಕ್ತಿ ಷೇರುಗಳನ್ನು ಬದುಕಿದ್ದಾಗಲೇ ದಾನವಾಗಿ ಕೊಟ್ಟರೆ ಅಲ್ಲಿನ ದಾನ ತೆರಿಗೆ ಬೀಳುವುದಿಲ್ಲ. ಮನೆ, ಜಮೀನು ಕೊಟ್ಟರೆ ಬೀಳುತ್ತದೆ, ಷೇರಿಗೆ ಇಲ್ಲ. ಗಂಡನದು 50,000, ಹೆಂಡತಿಯದು 50,000 ಎಂದಾದರೆ ಇಬ್ಬರೂ 60,000ದ ಮಿತಿಯೊಳಗೇ. ಆದರೆ ಪತ್ನಿಗೆ ಕೊಟ್ಟ ಷೇರಿನ ಲಾಭಾಂಶ ಮತ್ತು ಮಾರಾಟದ ಲಾಭವನ್ನು ಭಾರತದಲ್ಲಿ ನಿಮ್ಮ ಆದಾಯಕ್ಕೇ ಸೇರಿಸುತ್ತಾರೆ. ಹೊಸದಾಗಿ ಕೊಳ್ಳುವುದಾದರೆ ಪತ್ನಿಯ ಸ್ವಂತ ಹಣದಿಂದ ಪತ್ನಿಯ ಹೆಸರಿನಲ್ಲೇ ಕೊಳ್ಳುವುದು ಮೇಲು. ವರ್ಷಕ್ಕೆ ತಲಾ 2.5 ಲಕ್ಷ ಡಾಲರ್‌ವರೆಗೆ ಕಳಿಸಲು ಅವಕಾಶವಿದೆ, ಹೂಡಿಕೆಗೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ 20 ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಬೀಳುತ್ತದೆ. ಅದು ಮುಂಗಡ ತೆರಿಗೆಯಷ್ಟೇ, ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತದೆ.

ಪ್ರಶ್ನೆ (ಗಂಗಾವತಿ): ಚಿಕ್ಕಪ್ಪ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 25 ವರ್ಷದಿಂದ ಇದ್ದಾರೆ. ಮಕ್ಕಳಿಲ್ಲ, ಚಿಕ್ಕಮ್ಮ ಈಗಿಲ್ಲ. ಅಲ್ಲಿನ ಮನೆಯನ್ನೂ ಇಲ್ಲಿನ ನಾಲ್ಕು ಎಕರೆ ಗದ್ದೆಯನ್ನೂ ನನಗೆ ಬರೆಯುತ್ತೇನೆ ಎಂದಿದ್ದಾರೆ. ಏನು ಮುನ್ನೆಚ್ಚರಿಕೆ ಬೇಕು?

ಉತ್ತರ: ಅವರು ಇರುವಾಗಲೇ ಕೇಳಿದ್ದೀರಿ. ಸರಿಪಡಿಸಬಹುದಾದದ್ದೆಲ್ಲ ಈಗಲೇ ಸರಿಪಡಿಸಬೇಕು.

ಬ್ರಿಟನ್ನಿನ ಇನ್‌ಹೆರಿಟೆನ್ಸ್ ಟ್ಯಾಕ್ಸ್ ದರ ಶೇ 40. ಮೊದಲ 3,25,000 ಪೌಂಡ್‌ಗೆ ತೆರಿಗೆ ಇಲ್ಲ. ಈ ಮಿತಿ 2009ರಿಂದ ಬದಲಾಗಿಲ್ಲ. ವಾಸದ ಮನೆಗೆಂದು ಸಿಗುವ ಇನ್ನೊಂದು 1,75,000 ಪೌಂಡ್ ವಿನಾಯಿತಿ ಮಕ್ಕಳು, ಮೊಮ್ಮಕ್ಕಳಿಗೆ ಹೋಗುವ ಮನೆಗೆ ಮಾತ್ರ. ಅಣ್ಣನ ಮಗನಾದ ನಿಮಗೆ ಅದು ಸಿಗದು. ಚಿಕ್ಕಮ್ಮ ತೀರಿಕೊಂಡಾಗ ಅವರ 3,25,000ದ ಮಿತಿ ಬಳಕೆಯಾಗದೆ ಉಳಿದಿದ್ದರೆ ಅದನ್ನು ಚಿಕ್ಕಪ್ಪನ ಮಿತಿಗೆ ಸೇರಿಸಬಹುದು. ಚಿಕ್ಕಮ್ಮನ ಮರಣ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ, ಉಯಿಲು ಎಲ್ಲಿದೆ ಎಂದು ಈಗಲೇ ಕೇಳಿಡಿ. ಒಟ್ಟು ಆಸ್ತಿ 4,50,000 ಪೌಂಡ್ ಎನ್ನಿ. ಆ ಕಾಗದಗಳಿಲ್ಲದೆ ಮಿತಿ ಸೇರಿಸಲಾಗದಿದ್ದರೆ 1,25,000ಕ್ಕೆ ಶೇ 40, ಅಂದರೆ 50,000 ಪೌಂಡ್ ತೆರಿಗೆ. ಕಾಗದಗಳಿದ್ದರೆ ಸೊನ್ನೆ.

2025ರ ಏಪ್ರಿಲ್ 6ರಿಂದ ಅಲ್ಲಿ ಡೊಮಿಸೈಲ್ ಬದಲು ದೀರ್ಘ ನಿವಾಸದ ನಿಯಮ ಬಂದಿದೆ. ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಬ್ರಿಟನ್ ನಿವಾಸಿಯಾಗಿದ್ದರೆ ಜಗತ್ತಿನಲ್ಲಿ ಎಲ್ಲೇ ಇರುವ ಆಸ್ತಿಗೂ ತೆರಿಗೆ. ಚಿಕ್ಕಪ್ಪ ಆ ಗೆರೆ ದಾಟಿ ಬಹಳ ಕಾಲವಾಯಿತು. ಅಂದರೆ ಗಂಗಾವತಿಯ ಗದ್ದೆಯೂ ಅವರ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕೈಹಿಡಿಯುವುದು 1956ರ ಭಾರತ–ಬ್ರಿಟನ್ ಎಸ್ಟೇಟ್ ಡ್ಯೂಟಿ ಒಪ್ಪಂದ. ನಮ್ಮಲ್ಲಿ ಆ ತೆರಿಗೆಯೇ ಹೋದರೂ ಒಪ್ಪಂದ ಹೋಗಿಲ್ಲ. ಸಾಯುವಾಗ ಭಾರತದ ಡೊಮಿಸೈಲ್ ಉಳಿಸಿಕೊಂಡಿದ್ದವರ ಬ್ರಿಟನ್ನಿನ ಹೊರಗಿನ ಆಸ್ತಿಗೆ ಅದು ರಕ್ಷಣೆ ಕೊಡುತ್ತದೆ. ಎರಡು ತೊಡಕುಗಳಿವೆ. ಒಂದು, 25 ವರ್ಷ ಅಲ್ಲಿದ್ದೂ ಕೊನೆಗೆ ಊರಿಗೆ ಮರಳುವ ಉದ್ದೇಶ ಇತ್ತೆಂದು ತೋರಿಸಬೇಕು. ಎರಡು, ಬ್ರಿಟನ್ ಕಾನೂನಿಗೆ ಒಳಪಟ್ಟ ಉಯಿಲಿನಡಿ ಹಂಚಿಕೆಯಾಗುವ ಆಸ್ತಿಗೆ ಆ ರಕ್ಷಣೆ ತಪ್ಪುತ್ತದೆ. ಆದ್ದರಿಂದ ಲೆಸ್ಟರ್ ಮನೆಗೆ ಅಲ್ಲೊಂದು ಉಯಿಲು, ಗದ್ದೆಗೆ ಭಾರತದ ಕಾನೂನಿನಡಿ ಇಲ್ಲೊಂದು ಮೃತ್ಯುಪತ್ರ ಇರಲಿ.

ಎರಡು ಉಯಿಲು ಬರೆಸುವಾಗ ಒಂದು ಸಾಲು ಎಲ್ಲವನ್ನೂ ಕೆಡಿಸುತ್ತದೆ. ‘ಈ ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ’ ಎಂಬ ಸಾಲು ಬರಹಗಾರರ ಸಿದ್ಧ ನಮೂನೆಯಲ್ಲಿ ತಾನಾಗಿ ಬಂದು ಕೂತಿರುತ್ತದೆ. ಗಂಗಾವತಿಯಲ್ಲಿ ಆಮೇಲೆ ಬರೆಸಿದ ಮೃತ್ಯುಪತ್ರದಲ್ಲಿ ಅದಿದ್ದರೆ ಲೆಸ್ಟರ್ ಉಯಿಲು ಸತ್ತಂತೆ. ‘ಭಾರತದಲ್ಲಿರುವ ಆಸ್ತಿಗೆ ಸಂಬಂಧಿಸಿದ ಹಿಂದಿನ ಉಯಿಲುಗಳನ್ನು ಮಾತ್ರ’ ಎಂದು ತಿದ್ದಿಸಿ.

ತೆರಿಗೆ ಕಟ್ಟುವ ಗಡುವು ಸಾವಿನ ತಿಂಗಳು ಮುಗಿದ ಮೇಲಿನ ಆರನೇ ತಿಂಗಳ ಕೊನೆ. ಆಸ್ತಿಯ ಲೆಕ್ಕ ಕೊಡುವ ಫಾರ್ಮ್ ಐಎಚ್‌ಟಿ400ಕ್ಕೆ ಹನ್ನೆರಡು ತಿಂಗಳು. ತೆರಿಗೆಯ ವ್ಯವಹಾರ ಮುಗಿಯದೆ ಪ್ರೊಬೇಟ್ (ಉಯಿಲಿಗೆ ನ್ಯಾಯಾಲಯದ ಮಾನ್ಯತೆ) ಸಿಗದು, ಪ್ರೊಬೇಟ್ ಇಲ್ಲದೆ ಮನೆ ಮಾರಲಾಗದು, ಮಾರದೆ ಹಲವರ ಬಳಿ ತೆರಿಗೆಗೆ ದುಡ್ಡಿರದು. ಮನೆಯ ಪಾಲಿನ ತೆರಿಗೆಯನ್ನು ವರ್ಷಕ್ಕೊಂದರಂತೆ ಹತ್ತು ಕಂತುಗಳಲ್ಲಿ ಬಡ್ಡಿ ಸೇರಿಸಿ ಕಟ್ಟಲು ಅವಕಾಶವಿರುವುದು ಇದಕ್ಕೇ. ಮಾರಿದ ದಿನ ಉಳಿದದ್ದೆಲ್ಲ ಒಮ್ಮೆಗೇ ಕಟ್ಟಬೇಕು. ಲೆಸ್ಟರ್‌ನಲ್ಲೇ ಇರುವ ನಂಬಿಕಸ್ಥರೊಬ್ಬರನ್ನು ಉಯಿಲಿನ ಎಕ್ಸಿಕ್ಯೂಟರ್ (ಅದನ್ನು ಜಾರಿಮಾಡುವವರು) ಮಾಡಿಸಿ. ಗಂಗಾವತಿಯಿಂದ ಈ ಕೆಲಸ ಆಗದೆ ಇರದು, ಆದರೆ ಬಡ್ಡಿ ನಿಮಗಾಗಿ ಕಾಯುವುದಿಲ್ಲ.

ಪ್ರಶ್ನೆ (ರಾಯಚೂರು): ದುಬೈನಲ್ಲಿ ಅಣ್ಣ ಫ್ಲ್ಯಾಟ್ ಕೊಂಡಿದ್ದಾನೆ. ಅಲ್ಲಿ ತೆರಿಗೆಯೇ ಇಲ್ಲವಂತೆ. ಹಾಗಾದರೆ ಚಿಂತೆ ಇಲ್ಲ ತಾನೇ?

ಉತ್ತರ: ತೆರಿಗೆ ಇಲ್ಲ ನಿಜ. ಚಿಂತೆ ಹಣ ಹೆಪ್ಪುಗಟ್ಟುವುದರದು. ಸಾವಿನ ಸುದ್ದಿ ತಲುಪಿದ ಕೂಡಲೇ ಬ್ಯಾಂಕುಗಳು ಖಾತೆ ತಡೆಹಿಡಿಯುತ್ತವೆ, ಜಂಟಿ ಖಾತೆಯನ್ನೂ ಬಿಡುವುದಿಲ್ಲ. ವಾರಸುದಾರರು ಯಾರೆಂದು ಅಲ್ಲಿನ ನ್ಯಾಯಾಲಯದ ಆದೇಶ ಬರುವವರೆಗೆ ಹೆಂಡತಿ ಮಕ್ಕಳ ಬಾಡಿಗೆ, ಶಾಲಾ ಶುಲ್ಕ ಎಲ್ಲಿಂದ? ಕುಟುಂಬದ ಮೂರ್ನಾಲ್ಕು ತಿಂಗಳ ಖರ್ಚು ಹೆಂಡತಿಯ ಪ್ರತ್ಯೇಕ ಖಾತೆಯಲ್ಲಿರಲಿ.

ಅಣ್ಣ ಮುಸ್ಲಿಮರಾದರೆ ಷರೀಯತ್ ಪಾಲು ಅನ್ವಯ. ಮುಸ್ಲಿಮೇತರರಿಗೆ 2023ರ ಫೆಬ್ರುವರಿ 1ರಿಂದ ಜಾರಿಯಾದ ಫೆಡರಲ್ ಕಾನೂನಿನಂತೆ, ಉಯಿಲು ಇಲ್ಲದಿದ್ದರೆ ಅರ್ಧ ಪತಿ ಅಥವಾ ಪತ್ನಿಗೆ, ಇನ್ನರ್ಧ ಮಕ್ಕಳಿಗೆ ಗಂಡು ಹೆಣ್ಣೆನ್ನದೆ ಸಮಪಾಲು. ಊರಿನಲ್ಲಿರುವ ತಾಯಿಗೆ ಈ ಹಂಚಿಕೆಯಲ್ಲಿ ಏನೂ ಇಲ್ಲ. ಬೇರೆ ರೀತಿ ಹಂಚಬೇಕಾದರೆ ದುಬೈನಲ್ಲೇ ಉಯಿಲು ನೋಂದಾಯಿಸಬೇಕು. ಮುಸ್ಲಿಮೇತರರಿಗೆಂದು ದುಬೈನ ಹಣಕಾಸು ಕೇಂದ್ರವಾದ ಡಿಐಎಫ್‌ಸಿಯ ನೋಂದಣಿ ವ್ಯವಸ್ಥೆ 2015ರಿಂದ ಇದೆ.

ವಾರಸುದಾರರು ರಾಯಚೂರಿನಲ್ಲಿದ್ದರೆ ಫ್ಲ್ಯಾಟಿನ ಬಾಡಿಗೆಗೂ, ಮಾರಾಟದ ಲಾಭಕ್ಕೂ ಭಾರತದಲ್ಲಿ ತೆರಿಗೆ ಉಂಟು. ಅಲ್ಲಿ ಕಟ್ಟಿದ್ದೇನೂ ಇಲ್ಲದ್ದರಿಂದ ಇಲ್ಲಿ ಕಳೆಯುವುದಕ್ಕೂ ಏನೂ ಇಲ್ಲ. ಅಣ್ಣ ಕೊಂಡ ಬೆಲೆಯ ಒಪ್ಪಂದಪತ್ರ ಮತ್ತು ಬ್ಯಾಂಕಿನಿಂದ ಹಣ ಹೋದ ದಾಖಲೆಯ ಪ್ರತಿ ಊರಿನ ಮನೆಯಲ್ಲೂ ಒಂದಿರಲಿ, ಲಾಭ ಲೆಕ್ಕ ಹಾಕಲು ಅದೇ ಆಧಾರ.

ಪ್ರಶ್ನೆ (ಸಿರುಗುಪ್ಪ): ಸಾವಿನ ಮೇಲೆ ತೆರಿಗೆ ಇಲ್ಲದ ದೇಶಗಳು ಯಾವುವು? ಮಗಳು ಆಸ್ಟ್ರೇಲಿಯಾದಲ್ಲಿ, ಅಳಿಯನ ತಮ್ಮ ಕೆನಡಾದಲ್ಲಿ.

ಉತ್ತರ: ಸಿಂಗಪುರ 2008ರಲ್ಲಿ, ಹಾಂಗ್‌ಕಾಂಗ್ 2006ರಲ್ಲಿ ಕೈಬಿಟ್ಟವು. ಆಸ್ಟ್ರೇಲಿಯಾದಲ್ಲೂ ಇಲ್ಲ, ಆದರೆ ವಾರಸುದಾರ ಅಲ್ಲಿನ ನಿವಾಸಿಯಲ್ಲದಿದ್ದರೆ ಮಾರುವಾಗ ಬಂಡವಾಳ ಲಾಭದ ತೆರಿಗೆ ಬಲವಾಗಿಯೇ ಬೀಳುತ್ತದೆ. ಶೇ 50ರ ರಿಯಾಯಿತಿ ಹೊರಗಿನವರಿಗಿಲ್ಲ. 2025ರ ಜನವರಿ 1ರಿಂದ ಬೆಲೆ ಎಷ್ಟೇ ಇದ್ದರೂ ಕೊಳ್ಳುವವರು ಶೇ 15 ಹಿಡಿಯಬೇಕು. ಕೆನಡಾದಲ್ಲಿ ಹೆಸರಿಗೆ ವಾರಸುದಾರಿಕೆ ತೆರಿಗೆ ಇಲ್ಲ. ಬದಲಿಗೆ ಸಾವಿನ ದಿನವೇ ಆಸ್ತಿಯನ್ನು ಮಾರುಕಟ್ಟೆ ಬೆಲೆಗೆ ಮಾರಿದಂತೆ ಎಣಿಸಿ, ಲಾಭದ ಅರ್ಧವನ್ನು ಮೃತರ ಆದಾಯಕ್ಕೆ ಸೇರಿಸುತ್ತಾರೆ. ಒಂಟಾರಿಯೊದಲ್ಲಿ ಪ್ರೊಬೇಟ್‌ಗೆ 50,000 ಕೆನಡಾ ಡಾಲರ್ ಮೀರಿದ ಮೌಲ್ಯದ ಶೇ 1.5 ಬೇರೆ. ಹೊರದೇಶದ ವಾರಸುದಾರ ಮಾರಿದರೆ ತೆರಿಗೆ ಇಲಾಖೆಯ ಕ್ಲಿಯರೆನ್ಸ್ ಬರುವವರೆಗೆ ಬೆಲೆಯ ಶೇ 25 ಕೊಳ್ಳುವವರ ವಕೀಲರ ಬಳಿಯೇ ನಿಲ್ಲುತ್ತದೆ.

ಪ್ರಶ್ನೆ (ಕಾರಟಗಿ): ತಂದೆಯವರ ಹೆಸರಿನಲ್ಲಿ ಎಡದಂಡೆ ಕಾಲುವೆಯ ಕೆಳಗೆ 12 ಎಕರೆ ಭತ್ತದ ಗದ್ದೆ ಇದೆ. ಅವರು ತೀರಿಕೊಂಡಿದ್ದಾರೆ. ನಾನು ಇಲ್ಲೇ ಇದ್ದೇನೆ, ತಂಗಿ ಅಮೆರಿಕದ ಪ್ರಜೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ. ಅವಳಿಗೆ ಪಾಲು ಬರುತ್ತದೆಯೇ? ತೆರಿಗೆ?

ಉತ್ತರ: ಬರುತ್ತದೆ. ಒಸಿಐ ಕಾರ್ಡಿನವರು ಕೃಷಿ ಜಮೀನು ಕೊಳ್ಳುವಂತಿಲ್ಲ, ವಾರಸುದಾರಿಕೆಯಿಂದ ಪಡೆಯಬಹುದು. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳಲು ಅಡ್ಡಿಯಾಗಿದ್ದ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿದ್ದರಿಂದ ಫೆಮಾದ ಈ ನಿಷೇಧ ಸಡಿಲವಾಗಿಲ್ಲ. ಪೌತಿ ಖಾತೆಯ ಅರ್ಜಿಯಲ್ಲಿ, ವಂಶವೃಕ್ಷದಲ್ಲಿ ತಂಗಿಯ ಹೆಸರನ್ನು ಬಿಡಬೇಡಿ. ‘ಅವಳು ಅಲ್ಲಿದ್ದಾಳೆ, ಆಮೇಲೆ ನೋಡಿದರಾಯಿತು’ ಎಂದು ಬಿಟ್ಟ ಹೆಸರೇ ಹತ್ತು ವರ್ಷದ ನಂತರ ದಾವೆಯಾಗುತ್ತದೆ. ಅವಳು ಮಾರುವುದಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು.

ಇಲ್ಲಿ ಲಾಭಕ್ಕೆ ತೆರಿಗೆ ಬೀಳುವುದೇ ಎಂಬುದು ದೂರದ ಲೆಕ್ಕ. ಹಿಂದಿನ ಜನಗಣತಿಯಂತೆ 10,000 ಮೀರಿ 1 ಲಕ್ಷದವರೆಗೆ ಜನಸಂಖ್ಯೆಯ ಊರಾದರೆ ಪುರಸಭೆಯ ಗಡಿಯಿಂದ 2 ಕಿ.ಮೀ, 1 ಲಕ್ಷ ಮೀರಿ 10 ಲಕ್ಷದವರೆಗೆ 6 ಕಿ.ಮೀ, ಅದಕ್ಕೂ ಮೇಲೆ 8 ಕಿ.ಮೀ. ಅದರಾಚೆಯ ಕೃಷಿ ಜಮೀನಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಕಾರಟಗಿಗೆ 2 ಕಿ.ಮೀ, ಒಂದು ಲಕ್ಷ ದಾಟಿದ ಗಂಗಾವತಿಗೆ 6 ಕಿ.ಮೀ. ಅಳತೆ ರಸ್ತೆಯ ಮೇಲಿನದಲ್ಲ, ನೇರ ಆಕಾಶ ಮಾರ್ಗದ್ದು. ತಹಶೀಲ್ದಾರರಿಂದ ದೂರದ ಪ್ರಮಾಣಪತ್ರ ಮೊದಲೇ ಪಡೆಯಿರಿ. ಇಲ್ಲದಿದ್ದರೆ ಕೊಳ್ಳುವವರು ಮಾರಾಟಗಾರ್ತಿ ವಿದೇಶಿ ಎಂಬ ಹೆದರಿಕೆಯಿಂದ ಪೂರ್ಣ ಬೆಲೆಯ ಮೇಲೆ ಟಿಡಿಎಸ್ ಮುರಿದುಕೊಳ್ಳುತ್ತಾರೆ. ಹಣ ಅನಿವಾಸಿಗಳಿಗೆ ಭಾರತದಲ್ಲಿರುವ ಬ್ಯಾಂಕ್ ಖಾತೆಗೆ, ಅಂದರೆ ತಂಗಿಯ ಎನ್‌ಆರ್‌ಒ ಖಾತೆಗೆ ಬರಲಿ. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಸಿಎ ಪ್ರಮಾಣಪತ್ರದೊಂದಿಗೆ ಅಮೆರಿಕಕ್ಕೆ ಒಯ್ಯಬಹುದು.

ಅಮೆರಿಕದಲ್ಲಿ ಅವಳಿಗೆ ಬಂದ ಪಾಲಿಗೆ ತೆರಿಗೆ ಇಲ್ಲ, ತಿಳಿಸುವ ಹೊಣೆ ಮಾತ್ರ ಇದೆ. ವಿದೇಶಿಯರ ಎಸ್ಟೇಟಿನಿಂದ ಒಂದು ವರ್ಷದಲ್ಲಿ ಬಂದದ್ದು 1 ಲಕ್ಷ ಡಾಲರ್ ಮೀರಿದರೆ ಫಾರ್ಮ್ 3520 ಸಲ್ಲಿಸಬೇಕು. ಅದನ್ನು ಐಟಿ ರಿಟರ್ನ್ ಜೊತೆಗಲ್ಲ, ಬೇರೆಯಾಗಿ ಯೂಟಾದ ಆಗ್ಡನ್ ಕಚೇರಿಗೆ ಕಳಿಸಬೇಕು. ತಪ್ಪಿದರೆ ತಿಂಗಳಿಗೆ ಶೇ 5ರಂತೆ ಶೇ 25ರವರೆಗೆ ದಂಡ, ಒಂದು ಡಾಲರ್ ತೆರಿಗೆಯೂ ಬಾಕಿಯಿಲ್ಲದಿದ್ದರೂ. ಮಾರಿದಾಗ ಅವಳ ಖರೀದಿ ಬೆಲೆ ತಂದೆಯವರ ಸಾವಿನ ದಿನದ ಮಾರುಕಟ್ಟೆ ಬೆಲೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಗದ್ದೆಯ ನಿಜವಾದ ಬೆಲೆಗಿಂತ ಬಹಳ ಕಡಿಮೆ ಇರುವುದು ನಿಮಗೂ ಗೊತ್ತು. ಅದನ್ನೇ ತೋರಿಸಿದರೆ ಅಲ್ಲಿ ಇಲ್ಲದ ಲಾಭ ಹುಟ್ಟಿಕೊಂಡು ತೆರಿಗೆ ಬೀಳುತ್ತದೆ. ನೋಂದಾಯಿತ ಮೌಲ್ಯಮಾಪಕರಿಂದ ಆ ದಿನಾಂಕದ ವರದಿಯನ್ನು ಈಗಲೇ ಪಡೆಯಿರಿ.

ನಮ್ಮ ಕಡೆ ತಂಗಿಯಂದಿರು ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡುವ ರೂಢಿ ಇದೆ. ಅಮೆರಿಕದ ಕಣ್ಣಿಗೆ ಅದು ದಾನ. ವರ್ಷಕ್ಕೆ ಒಬ್ಬರಿಗೆ 19,000 ಡಾಲರ್ ಮೀರಿದರೆ ಫಾರ್ಮ್ 709 ಸಲ್ಲಿಸಬೇಕು. ದೊಡ್ಡ ವಿನಾಯಿತಿ ಇರುವುದರಿಂದ ತೆರಿಗೆ ಕಟ್ಟುವ ಪ್ರಸಂಗ ಬರುವುದಿಲ್ಲ, ಆದರೆ ಫಾರ್ಮ್ ಬಿಟ್ಟರೆ ತೊಡಕು. ಅವಳಿಗೆ ನಿಜವಾಗಿ ಬಿಡುವ ಮನಸ್ಸಿದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಅವಳನ್ನೇ ಕೇಳಿ.

ಪ್ರಶ್ನೆ (ಕುಷ್ಟಗಿ): ನಾಡಕಚೇರಿಯ ವಂಶವೃಕ್ಷ ಕಳಿಸಿದರೆ ವಿದೇಶದ ಬ್ಯಾಂಕು ಒಪ್ಪುತ್ತಿಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಎಂದೂ ತಕರಾರು.

ಉತ್ತರ: ವಂಶವೃಕ್ಷ ಸಂಬಂಧವನ್ನು ಹೇಳುತ್ತದೆ, ಹಣ ಪಡೆಯುವ ಹಕ್ಕನ್ನು ಕೊಡುವುದಿಲ್ಲ. ಬ್ಯಾಂಕು, ಷೇರಿನಂಥ ಚರ ಆಸ್ತಿಗೆ ವಿದೇಶಿ ಸಂಸ್ಥೆಗಳು ಹೆಚ್ಚಾಗಿ ನ್ಯಾಯಾಲಯದ ಕಾಗದವನ್ನೇ ಕೇಳುತ್ತವೆ. ಉಯಿಲು ಇದ್ದರೆ ಪ್ರೊಬೇಟ್, ಇಲ್ಲದಿದ್ದರೆ ಅವರದೇ ದೇಶದ ಆಡಳಿತಪತ್ರ (ಮೃತರ ಆಸ್ತಿ ನಿರ್ವಹಿಸಲು ನ್ಯಾಯಾಲಯ ಕೊಡುವ ಅಧಿಕಾರ) ಅಥವಾ ನಮ್ಮ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ ಎಂದು ಕೇಳಿರುತ್ತೀರಿ. ಕಡ್ಡಾಯವಲ್ಲ ಎಂದರೆ ಕೇಳಿದರೆ ಕೊಡುವುದಿಲ್ಲ ಎಂದಲ್ಲ. ಯಾವುದು ಬೇಕೆಂದು ಆ ಬ್ಯಾಂಕಿನಿಂದ ಬರಹದಲ್ಲಿ ತರಿಸಿಕೊಂಡ ಮೇಲೆಯೇ ನ್ಯಾಯಾಲಯದ ಮೆಟ್ಟಿಲು ಹತ್ತಿ. ತಪ್ಪು ಕಾಗದಕ್ಕೆ ವರ್ಷ ಕಳೆದವರಿದ್ದಾರೆ.

ಹೆಸರಿನ ತಕರಾರಿಗೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಬೇಕು. ಅದರಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ಒಂದೊಂದಾಗಿ ಬರೆಸಿ: ಇನಿಷಿಯಲ್ ಬಿಡಿಸಿದ್ದು, ಅಡ್ಡಹೆಸರು ಸೇರಿಸಿದ್ದು, ಊರಿನ ಹೆಸರು ಹಿಂದೆ ಬಂದದ್ದು, ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಆದದ್ದು. ಪ್ರತಿಯೊಂದರ ಎದುರು ಅದು ಯಾವ ದಾಖಲೆಯಲ್ಲಿದೆ ಎಂದು ನಮೂದಿಸಬೇಕು. ಮರಣ ಪ್ರಮಾಣಪತ್ರ ಪಡೆಯುವ ಮೊದಲೇ ಹೆಸರು ಪಾಸ್‌ಪೋರ್ಟ್‌ನಂತೆ ಇದೆಯೇ ನೋಡಿಕೊಂಡರೆ ಅರ್ಧ ಕೆಲಸ ಉಳಿಯುತ್ತದೆ, ನೋಂದಣಿಯಾದ ಮೇಲೆ ತಿದ್ದುಪಡಿ ನಿಧಾನ.

ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ, ನೋಟರಿ, ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಒಪ್ಪಂದ ಸೇರಿದ ಹೊರದೇಶಗಳೂ ಒಪ್ಪುವ ದೃಢೀಕರಣ), ಈ ಕ್ರಮ ತಪ್ಪಬಾರದು. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದ ಸೇರಿದೆ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಅಷ್ಟು ಸಾಕು. ಕೆನಡಾ 2024ರ ಜನವರಿಯಿಂದ ಒಪ್ಪುತ್ತಿದೆ. ಯುಎಇಗೆ ಅದರ ಬದಲು ರಾಯಭಾರ ಕಚೇರಿಯ ದೃಢೀಕರಣ ಮತ್ತು ಅರೇಬಿಕ್ ಅನುವಾದ. ಅಮೆರಿಕದ ಮನೆ ಮಾರಾಟಕ್ಕೆ ಸಹಿ ಹಾಕಬೇಕಾದರೆ ಕೆಲವು ಟೈಟಲ್ ಕಂಪನಿಗಳು ನಮ್ಮ ನೋಟರಿಯನ್ನು ಒಪ್ಪುವುದಿಲ್ಲ. ಆಗ ಹೈದರಾಬಾದ್ ಅಥವಾ ಚೆನ್ನೈನ ಅಮೆರಿಕ ಕಾನ್ಸುಲೇಟ್‌ನಲ್ಲಿ ಸಮಯ ನಿಗದಿ ಮಾಡಿಕೊಂಡು ಸಹಿ ಹಾಕಬಹುದು, ಒಂದು ಮುದ್ರೆಗೆ 50 ಡಾಲರ್. ಸಹಿಯನ್ನು ಊರಿನಲ್ಲೇ ಹಾಕಿಕೊಂಡು ಹೋಗಬೇಡಿ, ಅಧಿಕಾರಿಯ ಎದುರಿಗೇ ಹಾಕಬೇಕು.